ಚಾರ್ಮಾಡಿ ಏರದ ಕಾರು

ಉಜಿರೆ ದಾಟಿ ಚಾರ್ಮಾಡಿ ಊರು ಮುಟ್ಟುವವರೆಗೆ ಕಾರಿನಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಘಾಟಿಯ ಮೊದಲ ಮೂರ್ನಾಲ್ಕು ತಿರುವುಗಳನ್ನೂ ಸಲೀಸಾಗಿ ಹತ್ತಿತು. ಅದರ ಮುಂದಿನ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ತುಳಿದರೆ ಎಂಜಿನ್ನಿನ ಸದ್ದು ಏರುವ ಬದಲು ಕುಗ್ಗಿತು. ಒಮ್ಮೆ ಮುಗ್ಗರಿಸಿತು, ಒಮ್ಮೆ ಸಾವರಿಸಿಕೊಂಡಿತು, ಆಮೇಲೆ ಪೆಡಲನ್ನು ನೆಲಕ್ಕೆ ಊರಿದರೂ ನಡಿಗೆಯ ವೇಗಕ್ಕೆ ಬಂತು. ಹಿಂದೆ ಬಸ್ಸು, ಪಕ್ಕದಲ್ಲಿ ಕಂದಕ, ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ. ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದಾಗ ಏನೂ ಆಗಿಯೇ ಇಲ್ಲ ಎಂಬಂತೆ ಹೊರಟಿತು. ಹೀಗೆ ಎರಡು ಕಡೆ ನಿಂತು ನಿಂತು ಕೊಟ್ಟಿಗೆಹಾರ ಸೇರಿದೆವು.

ಊರಿಗೆ ಮರಳಿದ ಮೇಲೆ ಒಂದು ಗ್ಯಾರೇಜಿಗೆ ಒಪ್ಪಿಸಿದೆ. ‘ಪಿಕಪ್ ಇಲ್ಲ’ ಎಂಬ ಎರಡೇ ಮಾತು ಕೇಳಿಕೊಂಡು ಅವರು ನಾಲ್ಕು ಪ್ಲಗ್ಗು, ಏರ್ ಫಿಲ್ಟರು, ಎರಡು ಇಗ್ನಿಷನ್ ಕಾಯಿಲ್ ಬದಲಿಸಿದರು, ಥ್ರಾಟಲ್ ಬಾಡಿ ತೊಳೆದರು. ಪೇಟೆಯಲ್ಲಿ ಓಡಿಸಿ ನೋಡಿದರೆ ಕಾರು ಮೊದಲಿಗಿಂತ ಹಗುರಾಗಿ ಓಡುತ್ತಿದೆ ಎನಿಸಿತು. ಮುಂದಿನ ತಿಂಗಳು ಅದೇ ಘಾಟಿಯಲ್ಲಿ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಅದೇ ರೀತಿ ಸೋತಿತು. ಬದಲಿಸಿದ ಯಾವ ಭಾಗವೂ ಕೆಟ್ಟಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಏರಿನಲ್ಲಿ ಸೋಲುವ ಕಾರು ಹೊಂದಿರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಬಿಲ್ಲಿನ ಮೇಲೆ ಬಿಲ್ಲು ಬರುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿ ‘ಸರಿಯಾಯಿತು’ ಎನ್ನುವುದರಲ್ಲೇ ತಪ್ಪಿದೆ. ಏರಿನಲ್ಲಿ ಕಾಣುವ ರೋಗವನ್ನು ಏರಿನಲ್ಲೇ ಅಳೆಯಬೇಕು. ಯಾಕೆ ಎನ್ನುವುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು.

ಒಂದು ಸಣ್ಣ ಪೆಟ್ರೋಲ್ ಕಾರು, ನಾಲ್ಕು ಜನ, ಸ್ವಲ್ಪ ಸಾಮಾನು ಸೇರಿದರೆ ಸುಮಾರು 1,300 ಕೆಜಿ. ಸಮತಟ್ಟಿನಲ್ಲಿ ಗಂಟೆಗೆ 40 ಕಿ.ಮೀ. ವೇಗ ಕಾಪಾಡಲು ಟೈರಿನ ಉಜ್ಜಾಟ, ಗಾಳಿಯ ತಡೆ ಮೀರಿದರೆ ಸಾಕು. ಅದಕ್ಕೆ ಬೇಕಾದದ್ದು ಹೆಚ್ಚೆಂದರೆ 3 ಅಶ್ವಶಕ್ತಿ. ಈಗ ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಗೆ ಬನ್ನಿ. ಅದೇ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 0.9 ಮೀಟರ್ ಮೇಲೇರುತ್ತದೆ. ಅಂದರೆ ಹದಿಮೂರು ಕ್ವಿಂಟಾಲ್ ಅಡಿಕೆಯನ್ನು ಪ್ರತಿ ಸೆಕೆಂಡಿಗೆ ಎರಡು ಮೊಳದಂತೆ ಎತ್ತುತ್ತ ಹೋದ ಹಾಗೆ. ಬರೀ ಈ ಎತ್ತುವ ಕೆಲಸಕ್ಕೇ 15 ಅಶ್ವಶಕ್ತಿ ಬೇಕು. ಒಟ್ಟು 18. ಸಮತಟ್ಟಿನಲ್ಲಿ ಕೇಳಿದ್ದರ ಆರು ಪಟ್ಟು. ಪೆಟ್ರೋಲು ಹಲವು ಪಟ್ಟು ಹೆಚ್ಚು ಹರಿಯಬೇಕು, ಗಾಳಿ ಅದಕ್ಕೆ ತಕ್ಕಷ್ಟು ಒಳಬರಬೇಕು, ಹೊಗೆ ಅಷ್ಟೇ ಸಲೀಸಾಗಿ ಹೊರಹೋಗಬೇಕು. ಅರ್ಧ ಕಟ್ಟಿಕೊಂಡ ಫಿಲ್ಟರು ಪೇಟೆಯಲ್ಲಿ ವರ್ಷಗಟ್ಟಲೆ ಯಾರಿಗೂ ತಿಳಿಯದಂತೆ ಇರಬಲ್ಲದು, ಏಕೆಂದರೆ ಅಲ್ಲಿ ಅದರಿಂದ ಯಾರೂ ಪೂರ್ತಿ ಹರಿವನ್ನು ಕೇಳಿಯೇ ಇರುವುದಿಲ್ಲ.

ಎರಡನೇ ಸಲ ಸೋತಾಗ ಬೆಳ್ತಂಗಡಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಅವರು ಬಾನೆಟ್ ಎತ್ತುವ ಮೊದಲು ಸುಮಾರು ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ಸೋಲುವಾಗ ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತದೋ, ಕೆಳಗೆ ಬರುತ್ತದೋ? ಎಂಜಿನ್ ತಣ್ಣಗಿದ್ದಾಗಲೂ ಹೀಗಾಗುತ್ತದೋ, ಬಿಸಿಯಾದ ಮೇಲೆ ಮಾತ್ರವೋ? ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲು ಇತ್ತು? ಜರ್ಕ್ ಹೊಡೆದು ಸೋಲುತ್ತದೋ, ಉಸಿರು ಕಟ್ಟಿದ ಹಾಗೆ ಮೆಲ್ಲಗೆ ಸೋಲುತ್ತದೋ? ಚೆಕ್ ಎಂಜಿನ್ ದೀಪ ಹತ್ತಿತ್ತೋ? ನಿಲ್ಲಿಸಿ ಹೊರಟರೆ ಎಷ್ಟು ದೂರ ಸರಿ ಇರುತ್ತದೆ?

ಈ ಒಂದೊಂದು ಪ್ರಶ್ನೆಯೂ ಅನುಮಾನದ ಪಟ್ಟಿಯಿಂದ ಕೆಲವು ಹೆಸರುಗಳನ್ನು ಹೊಡೆದುಹಾಕುತ್ತದೆ. ಮೊದಲನೆಯದನ್ನೇ ತೆಗೆದುಕೊಳ್ಳಿ. ಆರ್‌ಪಿಎಂ ಏರುತ್ತಿದೆ, ವೇಗ ಮಾತ್ರ ಏರುತ್ತಿಲ್ಲ, ಜೊತೆಗೆ ಸುಟ್ಟ ವಾಸನೆ ಇದೆ ಎಂದರೆ ಎಂಜಿನ್ನಿಗೆ ಏನೂ ಆಗಿಲ್ಲ. ಕ್ಲಚ್ ಪ್ಲೇಟ್ ಜಾರುತ್ತಿದೆ. ಏರಿನ ಟ್ರಾಫಿಕ್ಕಿನಲ್ಲಿ ಬ್ರೇಕ್ ಹಿಡಿಯದೆ ಅರ್ಧ ಕ್ಲಚ್ಚಿನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಅದು ಸವೆದಿರಬಹುದು. ಆರ್‌ಪಿಎಂ, ವೇಗ ಎರಡೂ ಒಟ್ಟಿಗೆ ಬಿದ್ದರೆ ಎಂಜಿನ್ ನಿಜವಾಗಿ ಬಲ ಕೊಡುತ್ತಿಲ್ಲ, ಅಥವಾ ಯಾವುದೋ ಚಕ್ರದ ಬ್ರೇಕು ಹಿಡಿದುಕೊಂಡಿದೆ. ಬ್ರೇಕಿನ ಅನುಮಾನ ಬಂದರೆ ಬ್ರೇಕನ್ನು ಹೆಚ್ಚು ಬಳಸದೆ ಕೆಲವು ಕಿ.ಮೀ. ಓಡಿಸಿ, ನಿಲ್ಲಿಸಿ, ನಾಲ್ಕೂ ರಿಮ್ಮುಗಳ ಹತ್ತಿರ ಅಂಗೈ ಹಿಡಿದು ನೋಡಬೇಕು. ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಉಳಿದವಕ್ಕಿಂತ ತೀರ ಬಿಸಿ ಇದ್ದರೆ ಉತ್ತರ ಅಲ್ಲೇ ಇದೆ.

ನಮ್ಮ ಕಾರಿನಲ್ಲಿ ಎರಡೂ ಒಟ್ಟಿಗೆ ಬೀಳುತ್ತಿದ್ದವು. ವಾಸನೆ ಇರಲಿಲ್ಲ. ಚಕ್ರಗಳು ಸರಿ ಇದ್ದವು. ತಪ್ಪು ಚಾಲಕನದೋ ಎಂದೂ ಅವರು ನೋಡಿದರು, ಅದು ನ್ಯಾಯವೇ. 1.2 ಲೀಟರಿನ ಪೆಟ್ರೋಲ್ ಎಂಜಿನ್ 80 ಅಶ್ವಶಕ್ತಿಯದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ಆದರೆ ಅದು ಸಿಗುವುದು 6,000 ಆರ್‌ಪಿಎಂ ಆಸುಪಾಸಿನಲ್ಲಿ. 1,500ಕ್ಕೆ ಇಳಿಸಿದರೆ ಅದೇ ಎಂಜಿನ್ ಕೊಡಬಲ್ಲದ್ದು ಇಪ್ಪತ್ತರ ಒಳಗೆ. ಅದರಲ್ಲಿ ಎಸಿ ಮೂರ್ನಾಲ್ಕನ್ನು ತಿನ್ನುತ್ತದೆ. ಮೂರನೇ ಗೇರಿನಲ್ಲಿ 25ರ ವೇಗಕ್ಕೆ ಇಳಿದು, ಎಸಿ ಹಾಕಿಕೊಂಡು, ‘ಕಾರು ಎಳೆಯುತ್ತಿಲ್ಲ’ ಎಂದರೆ ಕಾರಿನ ದೋಷವಲ್ಲ. ಗೇರ್ ಇಳಿಸಿ ಎಂಜಿನ್ನನ್ನು 3,000ದ ಹತ್ತಿರ ತಿರುಗಲು ಬಿಡಬೇಕು. ಆ ಸದ್ದಿಗೆ ಹೆದರುವ ಅಗತ್ಯವಿಲ್ಲ. ನಾನು ಗೇರ್ ಇಳಿಸಿಯೇ ಇದ್ದೆ.

ಉಳಿದ ಸುಳಿವುಗಳಲ್ಲಿ ಅವರು ಹಿಡಿದುಕೊಂಡದ್ದು ಎರಡನ್ನು. ಟ್ಯಾಂಕಿನಲ್ಲಿ ಪ್ರತಿ ಸಲವೂ ಪೆಟ್ರೋಲು ಕಾಲುಭಾಗಕ್ಕಿಂತ ಕಡಿಮೆ ಇತ್ತು. ಮತ್ತು, ಇಪ್ಪತ್ತು ನಿಮಿಷ ನಿಂತರೆ ಕಾರು ತಾನಾಗಿ ಸರಿಹೋಗುತ್ತಿತ್ತು.

ಈ ಎರಡನೆಯದು ದೊಡ್ಡ ಸುಳಿವು. ಕೆಟ್ಟ ಪ್ಲಗ್ಗು ವಿಶ್ರಾಂತಿಯಿಂದ ಒಳ್ಳೆಯದಾಗುವುದಿಲ್ಲ. ಕಟ್ಟಿದ ಏರ್ ಫಿಲ್ಟರು ತಾನಾಗಿ ತೆರೆದುಕೊಳ್ಳುವುದಿಲ್ಲ. ಬಿಸಿಯಾದಾಗ ಸೋಲುವ ಇಗ್ನಿಷನ್ ಕಾಯಿಲ್ ತಣಿದ ಮೇಲೆ ಚೇತರಿಸಿಕೊಳ್ಳಬಹುದು, ಆದರೆ ಅದು ಸೋಲುವಾಗ ಒಂದು ಸಿಲಿಂಡರ್ ‘ಮಿಸ್ ಹೊಡೆದು’ ಇಡೀ ಕಾರು ನಡುಗುತ್ತದೆ. ಕಿಡಿಯ ದೋಷವೂ ಏರಿನಲ್ಲೇ ಹೆಚ್ಚು ಕಾಣುವುದು ನಿಜ. ಆಕ್ಸಿಲರೇಟರ್ ಪೂರ್ತಿ ತೆರೆದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ, ಆ ಒತ್ತಡದಲ್ಲಿ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು, ದುರ್ಬಲ ಕಾಯಿಲ್ ಅಲ್ಲಿ ಕೈ ಚೆಲ್ಲುತ್ತದೆ. ಚೆಕ್ ಎಂಜಿನ್ ದೀಪ ಮಿಣುಕತೊಡಗಿದರೆ ಬಹುಪಾಲು ಇದೇ ಕಾರಣ. ಆಗ ಮುಂದೆ ಓಡಿಸಲೇಬಾರದು. ಉರಿಯದ ಪೆಟ್ರೋಲು ಸೈಲೆನ್ಸರಿನ ಹಾದಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದರ ಜೇನುಗೂಡಿನಂಥ ಒಡಲನ್ನೇ ಕರಗಿಸಿಬಿಡಬಹುದು. ಕಾಯಿಲ್‌ನ ಖರ್ಚಿನ ಹಲವು ಪಟ್ಟು ಅದರದು.

ನಮ್ಮ ಕಾರು ನಡುಗುತ್ತಿರಲಿಲ್ಲ, ಹಸಿದಂತೆ ಸೊರಗುತ್ತಿತ್ತು. ‘ಎಣ್ಣೆ ಸಾಲ್ತಿಲ್ಲ ಅನ್ಸುತ್ತೆ, ಆದ್ರೆ ನೋಡ್ದೆ ಹೇಳಲ್ಲ’ ಎಂದರು. ಮುಂದೆ ಅವರು ಮಾಡಿದ ಪರೀಕ್ಷೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಎಂಜಿನ್ನಿಗೆ ಪೆಟ್ರೋಲು ತರುವ ಪೈಪಿನ ನಡುವೆ ಒಂದು ಪ್ರೆಷರ್ ಗೇಜ್ ಕೂಡಿಸಿದರು. ನಿಂತ ಜಾಗದಲ್ಲಿ ಎಂಜಿನ್ ಓಡಿಸಿದಾಗ ಮುಳ್ಳು (ಚದರ ಸೆಂ.ಮೀ.ಗೆ) 3 ಕೆಜಿಯಲ್ಲಿ ಅಲುಗದೆ ನಿಂತಿತ್ತು. ಬಹಳಷ್ಟು ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಇರಬೇಕಾದ ಒತ್ತಡ ಅದರ ಆಸುಪಾಸೇ. ಇಲ್ಲಿಗೇ ನಿಲ್ಲಿಸಿದ್ದರೆ ‘ಪಂಪ್ ಸರಿ ಇದೆ’ ಎಂಬ ತಪ್ಪು ತೀರ್ಮಾನ ಆಗುತ್ತಿತ್ತು. ಅವರು ಗೇಜಿನ ಉದ್ದನೆಯ ಹೋಸನ್ನು ಬಾನೆಟ್ಟಿನ ಸಂದಿಯಿಂದ ಹೊರತಂದು, ಗೇಜನ್ನು ಮುಂದಿನ ಗಾಜಿನ ಹೊರಮೈಗೆ ಟೇಪಿನಿಂದ ಅಂಟಿಸಿದರು. ಹೊರಮೈಗೇ ಯಾಕೆಂದರೆ, ಹೋಸ್ ಒಡೆದರೆ ಒಳಗೆ ಕೂತವರ ಮೇಲೆ ಪೆಟ್ರೋಲು ಚಿಮ್ಮಬಾರದು. ಮನೆಯಲ್ಲಿ ಯಾರೂ ಮಾಡಿನೋಡುವ ಕೆಲಸ ಇದಲ್ಲ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಚುಚ್ಚಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಘಾಟಿಯ ಕಡೆ ಹೊರಟೆವು.

ಮೊದಲ ತಿರುವು, 3. ಎರಡನೆಯದು, 3. ಏರು ಬಿಗಿಯಾಗುತ್ತಿದ್ದಂತೆ ಮುಳ್ಳು 2.7ಕ್ಕೆ ಬಂತು. ಅವರು ಕಾಲು ಪೂರ್ತಿ ಊರಿದರು. 2.4. ಇನ್ನೊಂದು ತಿರುವು. 1.8. ಕಾರು ಮುಗ್ಗರಿಸಿದ್ದು ಸರಿಯಾಗಿ ಆಗ. ನನ್ನ ಕೈಯಲ್ಲಿದ್ದ ಸ್ಕ್ಯಾನರಿನಲ್ಲಿ ಆಕ್ಸಿಜನ್ ಸೆನ್ಸರಿನ ಸಂಖ್ಯೆ, ಕಾಲು ಊರಿದಾಗ 0.8 ವೋಲ್ಟಿನ ಮೇಲಿರಬೇಕಾದದ್ದು, 0.1ಕ್ಕೆ ಕುಸಿದಿತ್ತು. ಹೊಗೆಯಲ್ಲಿ ಆಮ್ಲಜನಕ ಉಳಿದಿದೆ, ಎಂದರೆ ಗಾಳಿ ಬರುತ್ತಿದೆ, ಅದಕ್ಕೆ ತಕ್ಕ ಪೆಟ್ರೋಲು ಬರುತ್ತಿಲ್ಲ. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದವು. ಗಾಳಿಯ ದಾರಿ, ಕಿಡಿ, ಹೊಗೆಯ ದಾರಿ ಮೂರೂ ಅಲ್ಲಿಗೆ ನಿರಪರಾಧಿ.

ಚೆಕ್ ಎಂಜಿನ್ ದೀಪ ಯಾಕೆ ಹತ್ತಲಿಲ್ಲ ಎಂದು ಕೇಳಿದೆ. ಇದನ್ನು ಓದುಗರೂ ತಿಳಿದಿರಬೇಕು: ಕಾರಿನ ಕಂಪ್ಯೂಟರ್ ಎಷ್ಟೋ ದೋಷಗಳನ್ನು ಒಂದು ಸಲ ಕಂಡ ಮಾತ್ರಕ್ಕೆ ದೀಪ ಹತ್ತಿಸುವುದಿಲ್ಲ, ಮತ್ತೊಂದು ಪ್ರಯಾಣದಲ್ಲೂ ಕಂಡರೆ ಮಾತ್ರ ದೋಷದ ಕೋಡ್ ಖಾತ್ರಿಯಾಗುತ್ತದೆ. ನಮ್ಮ ಕಾರು ಘಾಟಿಯಲ್ಲಿ ಕೆಲವೇ ನಿಮಿಷ ಹಸಿದು, ಉಳಿದ ದಿನವೆಲ್ಲ ಹೊಟ್ಟೆ ತುಂಬ ಉಂಡಿರುತ್ತಿತ್ತು. ದೀಪ ಹತ್ತಿಲ್ಲ ಎಂಬುದು ದೋಷವಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಹತ್ತಿದರೂ, ಪಿ0171 ಎಂಬ ಕೋಡ್ ‘ಮಿಶ್ರಣ ತೆಳುವಾಗಿದೆ’ ಎಂದಷ್ಟೇ ಹೇಳುತ್ತದೆ, ಯಾವ ಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. ಕೋಡ್ ನೋಡಿ ನೇರ ಅಂಗಡಿಗೆ ಫೋನ್ ಮಾಡುವ ಮೆಕ್ಯಾನಿಕ್ ಬಳಿ ಒಂದು ನಿಮಿಷ ನಿಂತು, ‘ಅಳೆದು ನೋಡಿದಿರಾ?’ ಎಂದು ಕೇಳುವುದು ಗಿರಾಕಿಯ ಹಕ್ಕು.

ಇನ್ನೂ ಒಂದು ಹೆಜ್ಜೆ ಬಾಕಿ ಇತ್ತು. ಒತ್ತಡ ಬೀಳುತ್ತದೆ ಎಂದ ಕೂಡಲೇ ಹೊಸ ಪಂಪಿಗೆ ಆರ್ಡರ್ ಕೊಡಬಹುದಿತ್ತು. ಅವರು ಹಿಂದಿನ ಸೀಟು ಎತ್ತಿ, ಅದರ ಕೆಳಗಿನ ಟ್ಯಾಂಕಿನೊಳಗಿರುವ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿದರು. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರುಗಳು ಹಸಿರುಗಟ್ಟಿ ಪಂಪಿಗೆ ಕರೆಂಟೇ ಸಾಕಷ್ಟು ತಲುಪದಿರುವುದುಂಟು. ಆಗ ಹೊಸ ಪಂಪು ಹಾಕಿದರೂ ಅದೂ ಸೊರಗುತ್ತದೆ. ನಮ್ಮದರಲ್ಲಿ 13 ವೋಲ್ಟಿನ ಮೇಲಿತ್ತು. ಆ ಮೇಲೆಯೇ ಟ್ಯಾಂಕಿನಿಂದ ಪಂಪನ್ನು ಎತ್ತಿದ್ದು.

ಪಂಪಿನ ಬುಡದಲ್ಲಿ ಕಾಲುಚೀಲದ ಹಾಗೆ ಒಂದು ಜಾಳಿಗೆ ಇರುತ್ತದೆ, ಸ್ಟ್ರೈನರ್ ಎನ್ನುತ್ತಾರೆ. ಬೆಳ್ಳಗಿರಬೇಕಾದ ಅದು ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ನುಣ್ಣನೆ ಕೆಸರು. ಟ್ಯಾಂಕಿನ ತಳದಲ್ಲೂ ಅದೇ ಕೆಸರು, ಜೊತೆಗೆ ಒಂದೆರಡು ಚಮಚ ನೀರು. ಎಲ್ಲ ಸುಳಿವುಗಳೂ ಅಲ್ಲಿ ಬಂದು ಕೂಡಿಕೊಂಡವು. ಸಮತಟ್ಟಿನಲ್ಲಿ ಸಣ್ಣ ಹರಿವಿಗೆ ಆ ಜಾಳಿಗೆ ದಾರಿ ಬಿಡುತ್ತಿತ್ತು. ಏರಿನಲ್ಲಿ ಎಂಜಿನ್ ಹೆಚ್ಚು ಕೇಳುವ ಹೊತ್ತಿಗೆ ಪಂಪಿನ ಎಳೆತಕ್ಕೆ ಕೆಸರೆಲ್ಲ ಬಂದು ಜಾಳಿಗೆಗೆ ಅಂಟಿಕೊಂಡು ಬಾಯಿ ಮುಚ್ಚುತ್ತಿತ್ತು. ಎಂಜಿನ್ ನಿಲ್ಲಿಸಿದರೆ ಎಳೆತ ನಿಂತು ಕೆಸರು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಇಪ್ಪತ್ತು ನಿಮಿಷದ ಗುಟ್ಟು ಅದು. ಟ್ಯಾಂಕ್ ತುಂಬಿದ್ದಾಗ ಆಗದೆ ಕಡಿಮೆ ಇದ್ದಾಗ ಮಾತ್ರ ಆಗುತ್ತಿದ್ದದ್ದೂ ಇದರಿಂದಲೇ. ಕಡಿಮೆ ಪೆಟ್ರೋಲಿನಲ್ಲಿ ಕೆಸರು ದಟ್ಟ, ಅದರ ಮೇಲೆ ಏರಿನ ಓರೆಗೆ ಪೆಟ್ರೋಲು ಟ್ಯಾಂಕಿನ ಹಿಂಬದಿಗೆ ಸರಿದಿರುತ್ತದೆ. ಟ್ಯಾಂಕಿನೊಳಗಿನ ಪಂಪಿಗೆ ತಂಪು ಕೊಡುವುದೂ ಸುತ್ತಲಿನ ಪೆಟ್ರೋಲೇ. ಸದಾ ರಿಸರ್ವಿನಲ್ಲಿ ಓಡಿಸುವವರ ಕಾರಿನ ಪಂಪು ಬೇಗ ಸಾಯುವುದು ಹೀಗೆ.

ನೀರು ಎಲ್ಲಿಂದ ಬಂತು ಎಂಬುದಕ್ಕೆ ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ವಿವರಣೆ ಬೇಡ. ಅರ್ಧ ಖಾಲಿ ಟ್ಯಾಂಕಿನ ತೇವದ ಗಾಳಿ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ಈಗ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಶೇ 20ರ ಮಿಶ್ರಣ, ಇ20, ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಹಿಡಿದಿಟ್ಟುಕೊಳ್ಳಲಾರದಷ್ಟು ನೀರು ಸೇರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನ ಜೊತೆ ತಳ ಸೇರುತ್ತದೆ. ಹಳೆಯ ಟ್ಯಾಂಕಿನ ಒಳಮೈಗೆ ಅಂಟಿದ್ದ ಕಿಲುಬನ್ನೂ ಬಿಡಿಸುತ್ತದೆ. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಆದ್ದರಿಂದ ಇ20 ಹಾಕಿದಾಗ ಮೈಲೇಜ್ ಸ್ವಲ್ಪ ತಗ್ಗುವುದು ಸಹಜ. ಆದರೆ ಘಾಟಿಯ ನಡುವೆ ಕಾರು ನಿಂತೇಹೋಗುವುದಕ್ಕೆ ಅದೊಂದೇ ಕಾರಣವಾಗಲಾರದು. ಹಳೆಯ ಕಾರಿನವರು ಪೆಟ್ರೋಲ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ನೋಡಿಸುವುದು ಒಳ್ಳೆಯದು.

ಟ್ಯಾಂಕ್ ತೊಳೆದು, ಸ್ಟ್ರೈನರ್, ಫಿಲ್ಟರ್ ಹೊಸದು ಹಾಕಿದ್ದಾಯಿತು. ಪಂಪು ಹಳೆಯದೇ ಉಳಿಯಿತು, ಏಕೆಂದರೆ ಅದು ಕೆಟ್ಟಿರಲಿಲ್ಲ.

ಒತ್ತಡ ಬೀಳದೆಯೂ ಕಾರು ಸೋಲುತ್ತಿದ್ದರೆ ಮುಂದಿನ ಅನುಮಾನ ಹೊಗೆಯ ದಾರಿಯ ಮೇಲೆ. ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರಿನ ಕಾರು ನಿಂತಲ್ಲಿ ನೆಮ್ಮದಿಯಾಗಿ ಓಡುತ್ತದೆ, ಆರ್‌ಪಿಎಂ ಏರಿಸಿದಷ್ಟೂ ಉಸಿರು ಕಟ್ಟುತ್ತದೆ, ವಿಶ್ರಾಂತಿ ಕೊಟ್ಟರೂ ಸರಿಹೋಗುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ 2,500 ಆರ್‌ಪಿಎಂನಲ್ಲಿ ಹಿಡಿದು ನೋಡಿದರೆ, ಮುಳ್ಳು ನಿಲ್ಲದೆ ಮೆಲ್ಲಮೆಲ್ಲಗೆ ಕೆಳಗಿಳಿಯುತ್ತ ಹೋಗುತ್ತದೆ. ಕೆಲವರು ಅದರ ಒಡಲನ್ನು ಕುಟ್ಟಿ ತೆಗೆದು ಖಾಲಿ ಡಬ್ಬಿ ಕೂಡಿಸಿಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿದ ಆ ಜೇನುಗೂಡು ವಿಷದ ಹೊಗೆಯನ್ನು ತಡೆಯಲೆಂದೇ ಇರುವುದು. ಕಾಡಿನ ನಡುವೆ ಹಾದುಹೋಗುವ ನಾವು ಆ ಹೊಗೆಯನ್ನು ಅಲ್ಲೇ ಬಿಟ್ಟು ಬರುತ್ತೇವೆ. ಅಲ್ಲದೆ ಅದು ಕಟ್ಟಿದ್ದಕ್ಕೆ ಕಾರಣ ಸಾಮಾನ್ಯವಾಗಿ ಎಂಜಿನ್ನಿನಲ್ಲಿ ಇರುತ್ತದೆ. ಅದನ್ನು ಹುಡುಕದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಕಟ್ಟುತ್ತದೆ. ಇನ್ನು ಗಾಳಿಯ ದಾರಿಯ ಮೇಲೆ ಅನುಮಾನವಿದ್ದರೆ, ಏರ್ ಫಿಲ್ಟರಿನ ಡಬ್ಬಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ತೋಟದ ಮನೆಗಳಲ್ಲಿ ವಾರಗಟ್ಟಲೆ ನಿಂತ ಕಾರಿನ ಆ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುವುದು ಅಪರೂಪವೇನಲ್ಲ.

ಡೀಸೆಲ್ ಗಾಡಿಯವರಿಗೆ ಹೊಗೆಯೇ ದಾರಿ ತೋರಿಸುತ್ತದೆ, ಅದರಲ್ಲೂ ಹಳೆಯ ಗಾಡಿಗಳಲ್ಲಿ. ಏರಿನಲ್ಲಿ ಸೋಲುತ್ತ ಕಪ್ಪು ಹೊಗೆ ಉಗುಳಿದರೆ ಗಾಳಿ ಸಾಲುತ್ತಿಲ್ಲ: ಟರ್ಬೋದಿಂದ ಬರುವ ರಬ್ಬರ್ ಪೈಪ್ ಸೀಳಿರಬಹುದು, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿಗಟ್ಟಿ ತೆರೆದೇ ನಿಂತಿರಬಹುದು. ಹೊಗೆಯೇ ಇಲ್ಲದೆ ಸೋತರೆ ಮೊದಲು ಡೀಸೆಲ್ ಫಿಲ್ಟರನ್ನೂ ಅದರ ಬುಡದಲ್ಲಿ ನಿಂತ ನೀರನ್ನೂ ನೋಡಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಕಪ್ಪು ಹೊಗೆಯ ಸುಳಿವು ಅಷ್ಟಾಗಿ ಸಿಗುವುದಿಲ್ಲ. ಪೇಟೆಯೊಳಗೆ ಎರಡು ಮೂರು ಕಿ.ಮೀ. ಮಾತ್ರ ಓಡಿಸುತ್ತಿದ್ದರೆ ಆ ಫಿಲ್ಟರೇ ಕಟ್ಟಿಕೊಂಡು, ಕಂಪ್ಯೂಟರ್ ತಾನಾಗಿ ಬಲ ಕಡಿತ ಮಾಡುತ್ತದೆ.

‘ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದಕ್ಕೇ’ ಎಂದು ಹಿಂದೊಬ್ಬರು ನನಗೆ ಸಮಾಧಾನ ಹೇಳಿದ್ದರು. ಅರ್ಧ ನಿಜ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಟರ್ಬೋ ಇಲ್ಲದ ಎಂಜಿನ್ ಹತ್ತರಲ್ಲಿ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ, 2,240 ಮೀಟರಿನ ಊಟಿಯಲ್ಲಿ ಐದರಲ್ಲಿ ಒಂದು. ಆದರೆ ಆ ನಷ್ಟ ನಿಧಾನವಾಗಿ ಬರುತ್ತದೆ, ಏರಿದಷ್ಟೂ ಇರುತ್ತದೆ, ರಸ್ತೆ ಬದಿಯಲ್ಲಿ ಇಪ್ಪತ್ತು ನಿಮಿಷ ನಿಂತರೆ ಹೋಗುವುದಿಲ್ಲ. ಘಾಟಿಯ ಬುಡದಲ್ಲೇ ಸೋಲುವ ಕಾರಿಗೆ ಅದು ಕಾರಣವಲ್ಲ. ಕಾರ್ಬ್ಯುರೇಟರ್ ಕಾಲದ ಅಂಬಾಸಿಡರುಗಳು ಘಾಟಿಯಲ್ಲಿ ನಿಂತು ತಣಿದು ಹೊರಡುತ್ತಿದ್ದದ್ದಕ್ಕೆ ಬೇರೆಯೇ ಕಾರಣವಿತ್ತು. ಎಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಪಂಪು ಆ ಆವಿಯನ್ನೇ ಎಳೆಯುತ್ತಿತ್ತು. ಡ್ರೈವರುಗಳು ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಕಾಯುತ್ತಿದ್ದರು. ಗೇಜಿಲ್ಲದೆ, ಸ್ಕ್ಯಾನರಿಲ್ಲದೆ ಕಾರಣವನ್ನು ಸರಿಯಾಗಿ ತಿಳಿದಿದ್ದವರು ಅವರು.

ಘಾಟಿಯಲ್ಲಿ ಕಾರು ಸೋತ ಗಳಿಗೆಯಲ್ಲಿ ಮಾಡಬೇಕಾದದ್ದನ್ನೂ ಹೇಳಿಬಿಡಬೇಕು. ಪೂರ್ತಿ ಸೋಲುವ ಮುನ್ನವೇ, ವೇಗ ಸ್ವಲ್ಪ ಉಳಿದಿರುವಾಗಲೇ, ತಿರುವು ಬಿಟ್ಟು ನೇರ ಜಾಗಕ್ಕೆ ತಲುಪಿ ಅಂಚಿಗೆ ಸರಿಯಿರಿ. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಬಿಟ್ಟು, ಹಿಂಚಕ್ರಕ್ಕೆ ಕಲ್ಲು ಕೊಡಿ. ಟೆಂಪರೇಚರ್ ಮುಳ್ಳು ಕೆಂಪಿನಲ್ಲಿದ್ದರೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಮತ್ತು ಹೊರಡುವಾಗ ಆ ಕಲ್ಲನ್ನು ಎತ್ತಿ ಚರಂಡಿಯಾಚೆ ಹಾಕಿ. ನಮ್ಮ ಘಾಟಿ ರಸ್ತೆಗಳಲ್ಲಿ ಯಾರೋ ಬಿಟ್ಟುಹೋದ ಕಲ್ಲುಗಳು ಮಂಜಿನಲ್ಲಿ, ಕತ್ತಲಲ್ಲಿ ಬೈಕಿನವರನ್ನು ಕಾಯುತ್ತ ಬಿದ್ದಿರುತ್ತವೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೆಲಸ ಮುಗಿದ ದಿನ ಆ ಮೆಕ್ಯಾನಿಕ್ ಬಿಲ್ ಬರೆಯುವ ಮೊದಲು ಗೇಜನ್ನು ಮತ್ತೆ ಗಾಜಿಗೆ ಅಂಟಿಸಿದರು. ಟ್ಯಾಂಕಿನಲ್ಲಿ ಬೇಕೆಂದೇ ಐದಾರು ಲೀಟರ್ ಮಾತ್ರ ಹಾಕಿಸಿದ್ದರು. ಹಿಂದೆ ಸೋತಿದ್ದ ತಿರುವು ಬಂತು. ಎರಡನೇ ಗೇರು, ಕಾಲು ಪೂರ್ತಿ ಕೆಳಗೆ. ಮುಳ್ಳು 3ರಲ್ಲೇ ನಿಂತಿತು. ಘಾಟಿಯ ಹಾದಿಯ ಅಣ್ಣಪ್ಪಸ್ವಾಮಿ ಗುಡಿಯ ಎದುರು ಒಂದು ಗಳಿಗೆ ನಿಲ್ಲಿಸಿ ಕಾಣಿಕೆ ಹಾಕಿ ಬಂದರು. ಮತ್ತೆ ಹೊರಟಾಗ ಅವರು ಗೇಜ್ ನೋಡುವುದನ್ನು ಬಿಟ್ಟು ರಸ್ತೆ ನೋಡುತ್ತಿದ್ದರು.